ಫ್ಯಾಮಿಲಿಯಾದ ಬ್ಯಾಚುಲರ್

ನಮ್ಮ ಗೆಳೆಯ ಚನ್ನವೀರ ತೀರಿಹೋಗಿ ಎಂಟು ತಿಂಗಳಾಯಿತು. ಅವನು ಗೆದ್ದ ಯುದ್ಧದ ಕಥೆಯನ್ನು ಅವನೇ ನೂರು ಸಲ ಹೇಳುತ್ತಿದ್ದ. ಇನ್ನು ನಾನೇ ಹೇಳಬೇಕು.

ಐವತ್ತೊಂದನೇ ವಯಸ್ಸಿನಲ್ಲಿ, ಮದುವೆಯಾಗದ ಈ ಇಂಗ್ಲಿಷ್ ಮಾಸ್ತರನಿಗೆ ಲಿಂಗಸುಗೂರಿನಿಂದ ಸಿಂಧನೂರಿಗೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ನಿಂತು ಮಸ್ಕಿ ದಾಟುವಷ್ಟರಲ್ಲಿ ಮೊಣಕಾಲು ಕಣ್ಣೀರಿಡುತ್ತಿದ್ದವು. ಸಿಂಧನೂರಲ್ಲೇ ಮನೆ ಹಿಡಿಯೋಣವೆಂದರೆ ಗೇಟುಗೇಟಿಗೂ ಬೋರ್ಡು: 'ಬ್ಯಾಚುಲರ್‌ಗಳಿಗೆ ಮನೆ ಇಲ್ಲ'. ಹನ್ನೊಂದು ಬಾಗಿಲು ಮುಚ್ಚಿದವು. ಹನ್ನೆರಡನೆಯದು ವೀರಭದ್ರಮ್ಮನವರದು, ಒಂದೇ ಅಂಗಳಕ್ಕೆ ನಾಲ್ಕು ಬಾಡಿಗೆ ಮನೆ.

"ಅಮ್ಮಾರ, ಬ್ಯಾಚುಲರ್ ಅಂದ್ರ ಡಿಗ್ರಿ ಪಾಸಾದಾವ ಅಂತನೂ ಅರ್ಥ ಐತ್ರಿ. ಹಿಂದಕ ಇಂಗ್ಲೆಂಡಿನಾಗ ಸರದಾರನ ಬಾವುಟದ ಕೆಳಗ ಕಾದಾಡೋ ಹರೇದ ವೀರಗೂ ಹಂಗ ಅಂತಿದ್ರು..."

"ಬಾವುಟ ಹಾಳಾಗಿ ಹೋಗ್ಲಿ! ನನ್ನ ಲೆಕ್ಕದಾಗ ಬ್ಯಾಚುಲರ್ ಅಂದ್ರ ಖಾಲಿ ಬಾಟ್ಲಿ, ಮಧ್ಯಾಹ್ನದ ತನಕ ನಿದ್ದಿ, ಮಾಳಗಿ ಮ್ಯಾಲ ವಾರಗಟ್ಲೆ ಒಣಗೋ ಚಡ್ಡಿ."

"ನಾ ಕುಡಿಯಂಗಿಲ್ರಿ. ಐದಕ್ಕ ಏಳ್ತೀನಿ. ರೊಟ್ಟಿ ನಾನ ಬಡೀತೀನಿ."

"ಏನು, ರೊಟ್ಟಿ? ನಡೀರಿ ಒಳಗ, ನೋಡೇ ಬಿಡ್ತೀನಿ!"

ಬಾಡಿಗೆ ಮನೆಗಳ ಹೆಂಗಸರೆಲ್ಲ ಅಡುಗೆಮನೆ ಬಾಗಿಲಿಗೆ ನೆರೆದರು. ಚನ್ನವೀರ ಅಂಗಿಯ ತೋಳು ಮಡಚಿ, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಬಡಿಯತೊಡಗಿದ. ಸದ್ದಿಗೆ ಗೋಡೆಯ ಕ್ಯಾಲೆಂಡರು ಅಲುಗಿತಂತೆ (ನಾನು ಅರ್ಧ ನಂಬಿದ್ದೇನೆ). ಹಂಚಿನ ಮೇಲೆ ರೊಟ್ಟಿ ಮುನಿಸಿಕೊಂಡ ಕೂಸಿನ ಗಲ್ಲದ ಹಾಗೆ ಉಬ್ಬಿತು. ವೀರಭದ್ರಮ್ಮ ಪುಂಡಿಪಲ್ಯ ಹಚ್ಚಿಕೊಂಡು ಒಂದು ತುತ್ತು ತಿಂದರು. ಅನುಮಾನ ಬಂದು ಇನ್ನೊಂದು ತಿಂದರು. ಇಡೀ ರೊಟ್ಟಿ ಮುಗಿದ ಮೇಲೆ ತೀರ್ಪು ಬಂತು:

"ಇವ್ರು ಬ್ಯಾಚುಲರ್ ಅಲ್ಲ. ಫ್ಯಾಮಿಲಿ!"

ಡಿಕ್ಷನರಿ ಸೋತಲ್ಲಿ ರೊಟ್ಟಿ ಗೆದ್ದಿತು. ಚನ್ನವೀರ ಕೀಲಿಕೈಯನ್ನು ಚಿನ್ನದ ಪದಕದಂತೆ ಹಿಡಿದು ಹೊರಬಂದ.

ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಮಮತಾ ಕಸಬರಿಗೆ, ರಂಗೋಲಿ ಡಬ್ಬಿ ಹಿಡಿದು ಬಂದಳು.

"ಸರ, ಇಲ್ಲಿ ಫ್ಯಾಮಿಲಿದವ್ರಿಗೆ ಪಾಳಿ ಐತ್ರಿ. ಅಂಗಳದ ಕಸ ಹೊಡದು, ನೀರು ಚಿಮುಕಿಸಿ, ರಂಗೋಲಿ ಹಾಕಬೇಕು. ಇವತ್ತು ನಿಮ್ದು."

"ನಾನ ರಂಗೋಲಿ ಹಾಕ್ಲೇನವ್ವಾ?"

"ಮತ್ತ ಬ್ಯಾಚುಲರ್ ಅಂತ ತಿಳ್ಕೊಳ್ಳಲೇನ್ರಿ?" ಕಟ್ಟೆಯ ಮೇಲಿಂದ ವೀರಭದ್ರಮ್ಮ ಕೇಳಿದರು.

ಚನ್ನವೀರ ಡಬ್ಬಿ ಇಸಿದುಕೊಂಡ. ಬೀದಿ ಪೂರಾ ಎದ್ದು ನೋಡುತ್ತಿರಲು, ಪಂಚೆ ಎತ್ತಿ ಕಟ್ಟಿ ಕೂತು ಚುಕ್ಕಿ ಇಟ್ಟ.

"ಮೂರನೇ ಸಾಲು ಸೊಟ್ಟ ಆಗೇತ್ರಿ ಸರ," ಎಂದಳು ಮಮತಾ. "ಅಳಿಸಿ ಮತ್ತ ಹಾಕ್ರಿ."

ಇಪ್ಪತ್ತೈದು ವರ್ಷ ಮಕ್ಕಳ ಪೇಪರಿಗೆ ಕೆಂಪು ಗೀಟು ಎಳೆದ ಕೈ ತೆಪ್ಪಗೆ ಅಳಿಸಿ, ಮೊದಲನೇ ಚುಕ್ಕಿಯಿಂದ ಶುರುಮಾಡಿತು.