ಕಾರ್ಬೊರೇಟರಿಗೊಂದು ಶಸ್ತ್ರಚಿಕಿತ್ಸೆ

ವಾಚ್ ರಿಪೇರಿಯವರ ಹಳೇ ಕಾರಿಗೆ ಓಡುವಾಗ ಯಾವ ಕಾಯಿಲೆಯೂ ಇರಲಿಲ್ಲ. ನಿಂತರೆ ಮಾತ್ರ ಪ್ರಾಣ ಬಿಡುತ್ತಿತ್ತು. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಎರಡು ಸಲ ಕೆಮ್ಮಿ ತಣ್ಣಗಾಗುವುದು. ಹಿಂದಿನಿಂದ ಹಾರ್ನ್ ಬಡಿಯುವವರಿಗೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ಕೈಮುಗಿಯುವ ಖಾತೆ ಹೆಂಡತಿಯದು. ಶುಕ್ರವಾರ ಹಾಗೆ ಕೈಮುಗಿದು ನೋಡಿದರೆ ಹಿಂದಿನ ಕಾರಿನಲ್ಲಿದ್ದವರು ಅವಳ ಆಫೀಸಿನ ಮ್ಯಾನೇಜರು!

"ಸಾಕಾಯ್ತು ರೀ. ಭಾನುವಾರ ಹತ್ತು ಗಂಟೆಗೆ ನನ್ನ ತಮ್ಮ ಬರ್ತಾನೆ. ಆಕ್ಸಿಲರೇಟರಿಗೆ ಕಾಲಿಡದೆ ಐದು ನಿಮಿಷ ಇಂಜಿನ್ ಓಡಿದ್ರೆ ಕಾರು ನಿಮ್ದು. ಇಲ್ಲಾಂದ್ರೆ ಗುಜರಿಗೆ ಎಳ್ಕೊಂಡು ಹೋಗ್ತಾನೆ."

ತಮ್ಮನದು ಸ್ವಂತ ಗ್ಯಾರೇಜು. (ಅದೇ ವಾಚಿನವರ ಹೊಟ್ಟೆಯುರಿ.)

"ರಿಪೇರಿನೂ ಅವನ ಕೈಲೇ ಮಾಡಿಸ್ಬಹುದಲ್ಲ?" ಎಂದಳು ಹೆಂಡತಿ.

"ಎಳ್ಳುಕಾಳಿನಷ್ಟು ಸ್ಕ್ರೂ ಇಪ್ಪತ್ತೆಂಟು ವರ್ಷದಿಂದ ನನ್ನ ಮಾತು ಕೇಳ್ತಿದೆ. ಹೆಬ್ಬೆರಳು ಗಾತ್ರದ್ದು ಕೇಳಲ್ವಾ?"

ಮದುವೆಯಾದ ವರ್ಷ ಕೊಂಡ ಕಾರು ಅದು. ಇಬ್ಬರು ಮಕ್ಕಳನ್ನೂ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲೇ. ಗುಜರಿಯವನ ಸುತ್ತಿಗೆ ನೆನೆದು ವಾಚಿನವರು ಆ ರಾತ್ರಿಯೇ ಕಾರಿನ ರಿಪೇರಿ ಪುಸ್ತಕ ಹುಡುಕಿ ತೆಗೆದರು.

ಶನಿವಾರ ಅಂಗಡಿಗೆ ರಜೆ. ಊಟದ ಮೇಜಿನ ಮೇಲೆ, ಇಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಉಣಿಸುವ ಕಾರ್ಬೊರೇಟರಿನ ಶಸ್ತ್ರಚಿಕಿತ್ಸೆ ಆರಂಭವಾಯಿತು. ವೈದ್ಯರ ಕಣ್ಣಿಗೆ ಭೂತಗನ್ನಡಿ. ಮನೆಯ ತಟ್ಟೆಗಳಲ್ಲೆಲ್ಲ ಪೆಟ್ರೋಲು.

"ಮಕ್ಕಳು ಯಾವುದರಲ್ಲಿ ಊಟ ಮಾಡ್ಬೇಕು?"

"ಲೋಟದಲ್ಲಿ ಹಾಕ್ಕೊಡು!"

ಸಂಜೆಗೆ ಕಳ್ಳ ಸಿಕ್ಕಿಬಿದ್ದ. ಕಾರು ನಿಂತಾಗ ಇಂಜಿನ್ನಿಗೆ ಪೆಟ್ರೋಲು ಬಿಡುವ ಐಡ್ಲಿಂಗ್ ಜೆಟ್ಟಿನ ಕೂದಲೆಳೆಯಷ್ಟು ತೂತಿನಲ್ಲಿ ಕಸ ಕೂತಿತ್ತು. ಊದಿ, ತೊಳೆದು, ಮತ್ತೆ ಊದಿ, ಎಲ್ಲವನ್ನೂ ಜೋಡಿಸಿ, ಪೆಟ್ರೋಲು-ಗಾಳಿಯ ಹದ ಹೊಂದಿಸುವ ಸ್ಕ್ರೂವನ್ನು ಪುಸ್ತಕದಲ್ಲಿ ಹೇಳಿದಂತೆ ಒಂದೂವರೆ ಸುತ್ತು ಬಿಚ್ಚಿಟ್ಟು ಅವರು ವಿಜಯಿಯಾಗಿ ಮಲಗಿದರು.

ಭಾನುವಾರ ಭಾವಮೈದುನ ಬಂದ, ಹೆಗಲ ಮೇಲೆ ಎಳೆಯುವ ಹಗ್ಗದ ಸಮೇತ. ಹೆಂಡತಿ ಮೊಬೈಲಿನಲ್ಲಿ ಟೈಮರ್ ಒತ್ತಿದಳು. ಇಂಜಿನ್ ಎದ್ದಿತು, ಕರೀ ಹೊಗೆ ಉಗುಳಿತು, ಒಂದು ನಿಮಿಷಕ್ಕೆ ನಿಂತಿತು.

ವಾಚಿನವರು ಹಲ್ಲು ಕಚ್ಚಿ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. ಈ ಸಲ ಎರಡು ನಿಮಿಷ. ಇನ್ನೊಂದು ಕಾಲು ಸುತ್ತು. ಅರ್ಧ ನಿಮಿಷ! ಭಾವಮೈದುನ ಬಗ್ಗಿ ಹಗ್ಗ ಕಟ್ಟತೊಡಗಿದ.

"ಇನ್ನೊಂದೇ ಸಲ ಕಣೋ!" ಎಂದರು ವಾಚಿನವರು. ಹಗ್ಗದ ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಭಾವಮೈದುನನಿಗೆ ಪಾಪ ಎನಿಸಿರಬೇಕು. "ಭಾವ, ಹೊಗೆ ಕರ್ರಗಿದೆ. ಪೆಟ್ರೋಲ್ ಹೋಗ್ತಿದೆ, ಗಾಳಿ ಹೋಗ್ತಿಲ್ಲ. ಏರ್ ಫಿಲ್ಟರ್ ಬಿಚ್ಚಲಾ?"

"ಮುಟ್ಟಿದ್ರೆ ನೋಡು!"

"ನೀನು ಬಿಚ್ಚೋ," ಎಂದಳು ಅಕ್ಕ.

ಅವನು ಏರ್ ಫಿಲ್ಟರ್ ಎತ್ತಿ, ಕಾರ್ಬೊರೇಟರಿನ ಬಾಯಿಯಿಂದ ಎರಡೇ ಬೆರಳಲ್ಲಿ ಒಂದು ಹಳದಿ ಬಟ್ಟೆಯನ್ನು ಎಳೆದು ತೆಗೆದ. ವಾಚಿನವರು ಅದನ್ನು ನೋಡಿದರು. ಬಿಚ್ಚಿದ ವಾಚಿನ ಮೇಲೆ ಧೂಳು ಕೂರದಂತೆ ತಕ್ಷಣ ಬಟ್ಟೆ ಮುಚ್ಚುವುದು ಅವರ ಇಪ್ಪತ್ತೆಂಟು ವರ್ಷದ ಅಭ್ಯಾಸ. ನಿನ್ನೆ ಕಾರ್ಬೊರೇಟರಿಗೂ ಹಾಗೇ ಮುಚ್ಚಿ, ಅದರ ಮೇಲೇ ಫಿಲ್ಟರ್ ಕೂರಿಸಿ ಬಿಗಿದಿದ್ದರು.

ಸ್ಕ್ರೂವನ್ನು ಒಂದೂವರೆ ಸುತ್ತಿಗೇ ತಂದು ಮತ್ತೆ ಚಾಲೂ ಮಾಡಿದಾಗ ಇಂಜಿನ್ ಐದಲ್ಲ, ಹನ್ನೆರಡು ನಿಮಿಷ ಹದವಾಗಿ ಗುರುಗುಟ್ಟಿತು. ಕಾರು ಉಳಿಯಿತು. ವಾಚಿನವರು ಖುಷಿಗೆ ಕಣ್ಣೊರೆಸಿಕೊಂಡರು.

"ಬಟ್ಟೆ ಬಿಡು, ಜೆಟ್ ಕ್ಲೀನ್ ಮಾಡಿದ್ದು ಯಾರು? ರಿಪೇರಿ ಅಂದ್ರೆ ಇದು!" ಎಂದು ಎದೆಯುಬ್ಬಿಸಿದರು.

ಹೆಂಡತಿ ಒಳಗೆ ಹೋಗಿ, ಅಡುಗೆಮನೆಯ ಗೋಡೆ ಗಡಿಯಾರವನ್ನು ತಂದು ತಮ್ಮನ ಕೈಗಿಟ್ಟಳು.

"ಇದು ನಿಂತು ಮೂರು ತಿಂಗಳಾಯ್ತು ಕಣೋ. ಹೇಗೂ ಬಂದಿದ್ದೀಯಲ್ಲ, ಇದನ್ನೂ ಸ್ವಲ್ಪ ನೋಡ್ಬಿಡು."