ಭಾವನ ಹಸಿರು ಕಾರು, ಒಂದು ಬಾಗಿಲು ಬಿಟ್ಟು

ಎರಡು ಸಾವಿರದ ಆರನೇ ಇಸವಿ, ಮೇ ತಿಂಗಳ ಮೂರನೇ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ.

ನಮ್ಮ ಭಾವನಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮೇಲೆ ಬರೆದ ಗಳಿಗೆಯಲ್ಲಿ ಅವರು ಮನೆಗೆ ತಂದ ಕಾರನ್ನು ನೋಡಿದವರೆಲ್ಲ ಮೊದಲು ಅನುಮಾನಪಡುವುದು ಅದನ್ನೇ. ಎರಡನೆಯದಾಗಿ ಅನುಮಾನಪಡುವುದು ಬುದ್ಧಿಯನ್ನು. ಅದೂ ಸರಿಯಾಗಿದೆ. ಅವರು ವಿಮಾನದ ರೆಕ್ಕೆಗಳನ್ನು ಪರೀಕ್ಷಿಸುವ ಇಂಜಿನಿಯರು. ಕೂದಲೆಳೆಯಷ್ಟು ಬಿರುಕು ಕಂಡರೂ ಇಡೀ ವಿಮಾನವನ್ನು ನೆಲಕ್ಕೆ ಕೂರಿಸುವ ಮನುಷ್ಯ!

ನಾನು ಅವರ ಹೆಂಡತಿಯ ತಂಗಿ. ಸಿಯಾಟಲ್ ಪಕ್ಕದ ಇಸ್ಸಾಕ್ವಾ ಊರಿನ ಗುಡ್ಡದ ಮೇಲಿರುವ ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು ನಾರ್ತ್ ಕ್ರೀಕ್‌ನ ಒಂದು ಸಾಫ್ಟ್‌ವೇರ್ ಕಂಪನಿಗೆ ಹೋಗಿಬರುತ್ತೇನೆ. ಬೇರೆಯವರು ಮಾಡಿದ ತಪ್ಪುಗಳನ್ನು ದಿನಾಂಕ, ಗಂಟೆ ಸಮೇತ ಬರೆದಿಡುವುದು ಅಲ್ಲಿ ನನ್ನ ಉದ್ಯೋಗ. ಮನೆಗೆ ಬಂದ ಮೇಲೂ ಕೈ ನಿಲ್ಲುವುದಿಲ್ಲ. ಹಾಗಾಗಿ ಡೈರಿ.

ಕಾರು ಅರವತ್ತೊಂಬತ್ತನೇ ಇಸವಿಯದು. ಕಂಪನಿಯ ಹೆಸರು ಬರೆಯುವುದಿಲ್ಲ. ತಮ್ಮ ಮಗುವಿನ ಸ್ಥಿತಿ ತಿಳಿದು ಅವರಿಗೆ ಬೇಸರವಾಗಬಾರದು. ಎರಡು ಬಾಗಿಲು, ಎಂಟು ಸಿಲಿಂಡರು, ದೋಣಿಯಷ್ಟು ಉದ್ದದ ಮೂತಿ. ಇಂಥವನ್ನು ಇಲ್ಲಿ ಮಸಲ್ ಕಾರ್ ಎನ್ನುತ್ತಾರೆ. ಇದರಲ್ಲಿ ಮಸಲ್ ಇತ್ತು, ಚರ್ಮ ಇರಲಿಲ್ಲ. ಬಣ್ಣ ಹಸಿರು, ಒಂದು ಬಾಗಿಲು ಬಿಟ್ಟು. ಆ ಬಾಗಿಲು ಬೇರೆ ಯಾವುದೋ ಕಾರಿನಿಂದ ಬಂದ ದತ್ತುಪುತ್ರ, ಮೆರೂನ್. ಬಾನೆಟ್ಟಿನ ಮೇಲೆ ಹಸಿರೂ ಇಲ್ಲ, ಮೆರೂನೂ ಇಲ್ಲ, ಬರೀ ತುಕ್ಕು. ಹಿಂದಿನ ಸೀಟಿನಲ್ಲಿ ಒಂದು ಸ್ಪ್ರಿಂಗು ಎದ್ದು ನಿಂತು ಅತಿಥಿಗಳನ್ನು ಸ್ವಾಗತಿಸುತ್ತಿತ್ತು. ಹತ್ತಿರದ ಡುವಾಲ್ ಎಂಬ ಹಳ್ಳಿಯ ಒಂದು ಕೊಟ್ಟಿಗೆಯಲ್ಲಿ ಹುಲ್ಲಿನ ಹೊರೆಗಳ ಪಕ್ಕ ಬಹಳ ವರ್ಷ ನಿಂತಿತ್ತಂತೆ.

ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು.

"ಏನ್ರೀ ಇದು?"

"ಕಾರು."

"ಅದು ಗೊತ್ತಾಗತ್ತೆ. ಯಾರ್ದು?"

"ನಮ್ದ."

"ಯಾಕೆ?"

ಭಾವ ಬಾನೆಟ್ಟು ಎತ್ತಿ ಅದರೊಳಗೆ ತಲೆ ತೂರಿಸಿದರು.

ನಾನು ಪೆನ್ಸಿಲ್ ಹಿಡಿದು ಕಾರಿನ ಪ್ರದಕ್ಷಿಣೆ ಶುರುಮಾಡಿದೆ. ಎಡಬದಿ ಮುಗಿಯುವಷ್ಟರಲ್ಲಿ ಊಟಕ್ಕೆ ಕರೆದರು.

"ಏನ್ ಬರಿಯಾಕತ್ತೀ ತಂಗೆವ್ವಾ?" ಎಂದರು ಭಾವ. ಅವರು ಹುಬ್ಬಳ್ಳಿಯವರು.

"ಡಿಫೆಕ್ಟ್ಸ್, ಭಾವ."

"ಬರೀಬ್ಯಾಡ. ಡಿಫೆಕ್ಟ್ ಅಂತ ಬರದ್ರ ರಿಪೇರಿ ಮಾಡಬೇಕಾಗ್ತದ."

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಇದಕ್ಕೂ ಹಿಂದಿನ ಚಳಿಗಾಲದಲ್ಲಿ ಅವಳು ಮನೆಯ ಹೊಸ ಬೆಳ್ಳಿಬಣ್ಣದ ಕಾರನ್ನು ಅಂಗಡಿಯೊಂದರ ಪಾರ್ಕಿಂಗಿನಲ್ಲಿ ಕಂಬಕ್ಕೆ ಉಜ್ಜಿದ್ದಳು. ಮುಂದಿನ ಬಾಗಿಲಿನಿಂದ ಹಿಂದಿನ ದೀಪದವರೆಗೆ ಒಂದೇ ಉದ್ದ ಗೀರು. ಮನೆಯಲ್ಲಿ ಯಾರೂ ಬೈಯಲಿಲ್ಲ. ಅದೇ ತಪ್ಪಾಯಿತೋ ಏನೋ. ಕಾರು ಗ್ಯಾರೇಜಿಗೆ ಹೋಗಿ ಹೊಸದರಂತೆ ವಾಪಸು ಬಂತು. ಭೂತಗನ್ನಡಿ ಹಿಡಿದರೂ ಗೀರು ಕಾಣದು. ಅಕ್ಕನಿಗೆ ಮಾತ್ರ ಕಾಣುತ್ತಿತ್ತು. ಅಂದಿನಿಂದ ಅವಳು ಯಾವ ಕಾರಿನ ಸ್ಟೀರಿಂಗನ್ನೂ ಮುಟ್ಟಲಿಲ್ಲ.

ಇದರ ನಡುವೆ ಆ ವಸಂತದಲ್ಲಿ, ಗಂಡನ ವೀಸಾದ ನೆರಳಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕುಳಿತಿದ್ದ ಅವಳಿಗೆ ಕೆಲಸ ಮಾಡುವ ಅನುಮತಿ ಸಿಕ್ಕಿತು. ಮೈಕ್ರೋಬಯಾಲಜಿ ಓದಿದವಳು. ನಾರ್ತ್ ಕ್ರೀಕ್‌ನಲ್ಲಿ ಆಹಾರ ಪರೀಕ್ಷೆ ಮಾಡುವ ಲ್ಯಾಬೊಂದು ಕರೆಯಿತು. ಬೆಳಿಗ್ಗೆ ಆರೂವರೆಗೆ ಹಾಜರಿರಬೇಕು, ಆಗಸ್ಟ್ ಮುಗಿಯುವುದರೊಳಗೆ ಉತ್ತರ ಹೇಳಬೇಕು. ನಮ್ಮ ಗುಡ್ಡಕ್ಕೆ ಬಸ್ಸೇ ಇಲ್ಲ. ನಾವು ಸರದಿಯಲ್ಲಿ ಬಿಟ್ಟುಬರುತ್ತೇವೆ ಎಂದೆವು.

"ನಾನೇನು ಪಾರ್ಸೆಲ್ಲಾ?" ಎಂದಳು ಅಕ್ಕ. "ಹೋದ್ರೆ ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

'ಇಲ್ಲಾಂದ್ರೆ ಇಲ್ಲ' ಎಂಬುದೇ ಆಗುವ ಲಕ್ಷಣ ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ, ಹೆಂಡತಿಯನ್ನು ಸ್ಟೀರಿಂಗಿನ ಮುಂದೆ ಕೂರಿಸುವುದು ಹೇಗೆಂದು ಯೋಚಿಸಬೇಕಾದ ಗಂಡ ಏನು ಮಾಡಬೇಕು? ತುಕ್ಕು ಹಿಡಿದ ದೋಣಿ ಕೊಂಡು ತರಬೇಕೇ?

ತಂದದ್ದಷ್ಟೇ ಅಲ್ಲ, ದಿನಾ ಓಡಿಸಿದರು. ಆಫೀಸಿಗೆ ಅದೇ, ತರಕಾರಿಗೆ ಅದೇ, ದೇವಸ್ಥಾನಕ್ಕೂ ಅದೇ. ಪೆಟ್ರೋಲಿನ ಮುಳ್ಳು 'ಪೂರ್ತಿ' ಎಂಬಲ್ಲಿ ಸಿಕ್ಕಿಕೊಂಡಿತ್ತು. ಪಾತ್ರೆಯ ತಳ ಕಾಣುತ್ತಿದ್ದರೂ ನೆಂಟರಿಗೆ 'ಬೇಕಾದಷ್ಟಿದೆ, ಬಡಿಸ್ಕೊಳ್ಳಿ' ಎನ್ನುವ ಗೃಹಿಣಿಯ ಹಾಗೆ, ಟ್ಯಾಂಕು ಒಣಗಿದ್ದರೂ ಅದು ತುಂಬಿದೆ ಎಂದೇ ಸಾಧಿಸುತ್ತಿತ್ತು. ಭಾವ ಅದನ್ನು ಸರಿಪಡಿಸುವ ಬದಲು ನನ್ನನ್ನು ಆ ಹುದ್ದೆಗೆ ನೇಮಿಸಿದರು. ಹಾಕಿಸಿದ್ದೆಷ್ಟು, ಓಡಿಸಿದ್ದೆಷ್ಟು ಎಂದು ಅವರು ಹೇಳುವುದು, ನಾನು ಡೈರಿಯಲ್ಲಿ ಕೂಡಿಸಿ ಕಳೆಯುವುದು. ಆಫೀಸಿಗೆ ಫೋನ್ ಬರುತ್ತಿತ್ತು.

"ತಂಗೆವ್ವಾ, ಎಷ್ಟ ಅದ?"

"ಇವತ್ತು ಮನೆವರೆಗೆ ಬರತ್ತೆ ಭಾವ. ನಾಳೆ ಹಾಕಿಸ್ಬೇಕು."

ಜೂನ್ ತಿಂಗಳಲ್ಲಿ ಒಂದು ಮಂಗಳವಾರ ನಾನು ಮೀಟಿಂಗಿನಲ್ಲಿದ್ದೆ, ಫೋನ್ ತೆಗೆಯಲಿಲ್ಲ. ಭಾವ ಹೆದ್ದಾರಿಯ ಅಂಚಿನಲ್ಲಿ ನಿಂತರು. ಸಂಜೆ ನಾನು ಕ್ಯಾನಿನಲ್ಲಿ ಪೆಟ್ರೋಲ್ ತೆಗೆದುಕೊಂಡು ಹೋದಾಗ ಅವರು ಬಾನೆಟ್ಟಿಗೆ ಒರಗಿ ಸೇಬು ತಿನ್ನುತ್ತಿದ್ದರು. ಸಿಟ್ಟಿಲ್ಲ. ಕೇಳಿದ್ದು ಒಂದೇ ಮಾತು:

"ಯಾಕವಾ, ಮುಳ್ಳು ಕೆಟ್ಟಿತ್ತೇನು?"

ಇನ್ನು ಆ ಮೆರೂನ್ ಬಾಗಿಲು. ಅದು ಒಳಗಿನಿಂದ ತೆರೆಯುವುದಿಲ್ಲ. ಅಕ್ಕ ಇಳಿಯಬೇಕಾದರೆ ಭಾವ ತಾವು ಇಳಿದು, ಉದ್ದದ ಮೂತಿಯನ್ನು ಸುತ್ತಿಕೊಂಡು ಬಂದು, ಹೊರಗಿನಿಂದ ಬಾಗಿಲೆಳೆದು ಹಿಡಿದು ನಿಲ್ಲಬೇಕು. ಇದನ್ನು ಎದುರುಮನೆಯ ಅಮೆರಿಕನ್ ಹೆಂಗಸು ಕಿಟಕಿಯಿಂದ ದಿನಾ ನೋಡಿದಳು. ಕೊನೆಗೊಂದು ದಿನ ಅಕ್ಕನ ಕೈ ಹಿಡಿದು, ನೀನು ಪುಣ್ಯವಂತೆ, ಇಷ್ಟು ವರ್ಷಗಳಾದರೂ ನಿನ್ನ ಗಂಡ ಇಂಥ ಮರ್ಯಾದೆ ಉಳಿಸಿಕೊಂಡಿದ್ದಾನೆ ಎಂದಳು. ಅಕ್ಕ ನಿಜ ಹೇಳಲಿಲ್ಲ. ಮರುದಿನದಿಂದ ಆ ಮನೆಯ ಯಜಮಾನನೂ ಹೆಂಡತಿಗೆ ಬಾಗಿಲು ತೆರೆಯತೊಡಗಿದ. ಆತ ಈಗ ಭಾವನಿಗೆ ಕೈಬೀಸುವುದನ್ನು ನಿಲ್ಲಿಸಿದ್ದಾನೆ.

ಜುಲೈ ತಿಂಗಳ ಎರಡನೇ ಭಾನುವಾರ ಕನ್ನಡದವರ ಪಿಕ್ನಿಕ್. ತುಮಕೂರಿನ ಕಡೆಯ ಸ್ನೇಹಿತರೊಬ್ಬರ ಬಳಿಯೂ ಇದೇ ಕಾಲದ ಕಾರಿದೆ. ಆದರೆ ಅದನ್ನು ನಟ್ಟು ಬೋಲ್ಟು ಸಮೇತ ಬಿಚ್ಚಿ, ಹೊಸದು ಮಾಡಿ, ಚೆರಿಹಣ್ಣಿನ ಬಣ್ಣ ಬಳಿಸಿ, ಮುಖ ನೋಡಿಕೊಂಡು ತಲೆ ಬಾಚುವ ಹಾಗೆ ಮಾಡಿಸಿಟ್ಟಿದ್ದಾರೆ. ಮೋಡವಿದ್ದರೆ ಹೊರಗೆ ತೆಗೆಯುವುದಿಲ್ಲ. ಸಿಯಾಟಲ್‌ನಲ್ಲಿ ಈ ನಿಯಮ ಪಾಲಿಸಿದರೆ ವರ್ಷಕ್ಕೆ ಎಷ್ಟು ಸಲ ಓಡಿಸಬಹುದೆಂದು ನೀವೇ ಲೆಕ್ಕ ಹಾಕಿ. ಅಂದು ಬಿಸಿಲಿತ್ತು, ತಂದಿದ್ದರು. ಎಲ್ಲ ಕಾರುಗಳಿಂದ ದೂರ, ಮೈದಾನದ ಆ ತುದಿಯಲ್ಲಿ ನಿಲ್ಲಿಸಿದ್ದರು. ಮಕ್ಕಳ ಚೆಂಡು ಆ ದಿಕ್ಕಿಗೆ ಉರುಳಿದಾಗಲೆಲ್ಲ ಅವರ ಕೈಯ ತುತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು.

ಭಾವನ ಕಾರು ಮೈದಾನದ ನಟ್ಟನಡುವೆ ನಿಂತಿತ್ತು. ಡಿಕ್ಕಿಯಲ್ಲಿ ಬಂದ ಬಿಸಿಬೇಳೆಬಾತಿನ ಪಾತ್ರೆ ದಾರಿಯಲ್ಲೇ ಸ್ವಲ್ಪ ಚೆಲ್ಲಿತ್ತು. ಬಾನೆಟ್ಟಿನ ಮೇಲೆ ಮಕ್ಕಳು ಸಾಲಾಗಿ ಕುಳಿತು ಕಲ್ಲಂಗಡಿ ತಿಂದು, ಬೀಜ ಯಾರದು ದೂರ ಹೋಗುತ್ತದೆಂದು ಉಗಿಯುತ್ತಿದ್ದವು.

"ಏನ್ ಸಾರ್," ಎಂದರು ತುಮಕೂರಿನವರು, ನಿಂತುಕೊಂಡೇ ಉಣ್ಣುತ್ತ, ಕಣ್ಣು ತಮ್ಮ ಕಾರಿನ ಮೇಲಿಟ್ಟು. "ಒಂದು ಪೇಂಟ್ ಮಾಡ್ಸಿ ಸಾರ್. ಗಾಡಿ ಹೆಂಗಾಗತ್ತೆ ನೋಡಿ ಆಮೇಲೆ."

ಭಾವ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಗಾಡಿ ಹೆಂಗಾಗ್ತದ ಗೊತ್ತದರೀ. ನಾ ಹೆಂಗಾಗ್ತೀನಿ ಅನ್ನೂದ ಚಿಂತಿ. ನಿಮ್ಮಂಗ ನಿಂತು ಉಣಬೇಕಾಗ್ತದಲ್ಲ?"

ಅಕ್ಕ ಅಂದು ನಕ್ಕಳು. ಆದರೂ ಮನೆಗೆ ಹೋಗುವಾಗ ಭಾವ ಕೀಲಿಕೈ ಅವಳ ಕಡೆಗೆ ಚಾಚಿದ ತಕ್ಷಣ ಮುಖ ತಿರುಗಿಸಿ ಮೆರೂನ್ ಬಾಗಿಲಿನ ಕಡೆ ನಡೆದಳು. ಜುಲೈ ಹಾಗೇ ಕಳೆಯಿತು. ಲ್ಯಾಬಿನವರು ಒಮ್ಮೆ ಫೋನ್ ಮಾಡಿ ನೆನಪಿಸಿದರು. "ಇನ್ನೂ ಯೋಚ್ನೆ ಮಾಡ್ತಿದೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಇಟ್ಟು, ಆಮೇಲೆ ಬಹಳ ಹೊತ್ತು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಶ್ರಾವಣ ಬಂತು. ಅಕ್ಕ ಪೂಜೆಯ ವಿಷಯದಲ್ಲಿ ಕಟ್ಟುನಿಟ್ಟು. ಪೂಜೆಯಾಗದ ವಾಹನ ಮನೆಯಲ್ಲಿರಬಾರದು ಎಂಬುದು ಒಂದು ಕಡೆ, "ಯಾವುದಕ್ಕೆ ಕುಂಕುಮ ಹಚ್ಚೋದು, ತುಕ್ಕಿಗಾ?" ಎಂಬುದು ಇನ್ನೊಂದು ಕಡೆ. ಕೊನೆಗೆ ಶಾಸ್ತ್ರ ಗೆದ್ದಿತು. ಶ್ರಾವಣದ ಮೂರನೇ ಶನಿವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ, ಕಾರಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಮಂಗಳಾರತಿ. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಇನ್ನು ಯಾರಾದರೂ ಕೂತು ಕಾರನ್ನು ಒಂದು ಸುತ್ತು ಮುಂದಕ್ಕೆ ಬಿಟ್ಟು ಅವನ್ನು ಒಡೆಯಬೇಕು.

"ನೀ ಒಡಿ," ಎಂದರು ಭಾವ, ಅಕ್ಕನಿಗೆ.

"ನಾನಾ? ಗಂಡಸ್ರಲ್ವಾ ಒಡೆಯೋದು?"

"ನಿಮ್ಮ ಕಡೆ ಇದ್ದೀತು. ನಮ್ಮ ಮನಿ ಪದ್ಧತಿ ಮನಿ ಹೆಣ್ಣಮಕ್ಕಳ ಒಡೀಬೇಕು. ನಮ್ಮವ್ವ ಒಡೀತಿದ್ಲು."

ಗಂಡನ ಮನೆಯ ಪದ್ಧತಿ ಎಂದ ಮೇಲೆ ಅಕ್ಕ ಏನು ಹೇಳಿಯಾಳು? ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಕಾರಿನೊಳಗೆ ಕೂತು, ಕಾಲು ಎಟುಕದೆ ಬೆನ್ನಿಗೆ ದಿಂಬು ಇಟ್ಟುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೀಲಿ ತಿರುಗಿಸಿದಳು. ಪೆಡಲಿನ ಮೇಲೆ ಕಾಲಿಟ್ಟಳು.

ಎಂಟು ಸಿಲಿಂಡರುಗಳಿಗೆ 'ಒಂದು ಸುತ್ತು' ಎಂದರೆ ಅರ್ಥವಾಗುವುದಿಲ್ಲ. ನಿಂಬೆಹಣ್ಣು ನಾಲ್ಕೂ ಒಟ್ಟಿಗೆ ಪಚಕ್ಕೆಂದವು. ಕಾರು ಹಾರ ಸಮೇತ ಇಳಿಜಾರಿನಲ್ಲಿ ನೆಗೆದು, ರಸ್ತೆಯಂಚಿನ ನಮ್ಮ ಟಪಾಲು ಪೆಟ್ಟಿಗೆಯ ಕಂಬಕ್ಕೆ ಬಲಮೂಲೆಯನ್ನು ಗುದ್ದಿ ನಿಂತಿತು. ಕಂಬ ವಾಲಿತು. ಅಕ್ಕ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಬಿಟ್ಟಳು. ಮುಗಿಯಿತು ಎಂದುಕೊಂಡೆ. ಆ ಲ್ಯಾಬು, ಆ ಕೆಲಸ, ಎಲ್ಲ ಮುಗಿಯಿತು.

ಭಾವ ನಿಧಾನವಾಗಿ ನಡೆದುಹೋಗಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕೂದಲೆಳೆಯ ಬಿರುಕು ಹುಡುಕುವ ಕಣ್ಣು ಅದು!

"ಏ, ಇಲ್ಲಿ ಬಾ," ಎಂದು ಅಕ್ಕನನ್ನು ಕೂಗಿದರು. "ಇದರಾಗ ನಿಂದು ಯಾವ್ದು ತೋರ್ಸು."

ಅಕ್ಕ ಕಣ್ಣೊರೆಸಿಕೊಂಡು ಇಳಿದು ಬಂದಳು. ಬಗ್ಗಿದಳು. ಒಂದು ಡೆಂಟಿನ ಮೇಲೆ ಬೆರಳಿಟ್ಟಳು.

"ಇದು?"

"ಅದು ಮೊದಲಿಂದ ಅದ."

"ಹಾಗಾದ್ರೆ ಇದು."

"ಅದರಾಗ ತುಕ್ಕು ಅದ ನೋಡು. ಹಳೇದು."

ಗಂಡ ಹೆಂಡತಿ ಇಬ್ಬರೂ ತುಂಬ ಹೊತ್ತು ಹುಡುಕಿದರು. ನನ್ನನ್ನೂ ಕರೆದರು. ಎಡಬದಿ ಮುಗಿಸಿ ಊಟಕ್ಕೆ ಎದ್ದುಹೋದವಳು ನಾನು, ಬಲಬದಿಯ ಲೆಕ್ಕ ನನ್ನಲ್ಲಿರಲಿಲ್ಲ. ಅಕ್ಕ ತಾನು ಮಾಡಿದ ಪೆಟ್ಟು ತನಗೇ ಸಿಗದೆ, ರಸ್ತೆಯಂಚಿನಲ್ಲಿ, ನಿಂಬೆಹಣ್ಣಿನ ವಾಸನೆಯ ನಡುವೆ, ರೇಷ್ಮೆ ಸೀರೆಯಲ್ಲಿ ಕುಳಿತು ನಗತೊಡಗಿದಳು. ಆ ಚಳಿಗಾಲದ ನಂತರ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅಂದು ಸಂಜೆ ನಾನು ಹುಬ್ಬಳ್ಳಿಗೆ ಫೋನ್ ಮಾಡಿ ಭಾವನ ತಾಯಿಯನ್ನು ನಿಂಬೆಹಣ್ಣಿನ ಪದ್ಧತಿ ಕೇಳಿದೆ. ಇಂಥವನ್ನು ಖಚಿತ ಮಾಡಿಕೊಳ್ಳದೆ ನಾನು ಬರೆಯುವುದಿಲ್ಲ. "ನಮ್ಮ ಮನ್ಯಾಗ ಸೈಕಲ್ ಸುದ್ದಾ ಇರ್ಲಿಲ್ಲವಾ. ನಿಂಬಿಹಣ್ಣ ಯಾತರ ಬುಡಕ ಇಡೂನು?" ಎಂದರು. ಅಕ್ಕನಿಗೆ ಇದು ಇಂದು ಇಲ್ಲಿ ಓದಿಯೇ ತಿಳಿಯಬೇಕು.

ಮರುದಿನದಿಂದ ಸಂಜೆ ಸಂಜೆ, ಖಾಲಿ ಬಿದ್ದ ಶಾಲೆಯ ಪಾರ್ಕಿಂಗಿನಲ್ಲಿ ಅಭ್ಯಾಸ. "ಸ್ಟೀರಿಂಗ್ ಅಲ್ಲ ಕಣೇ ಇದು, ಹೋಳಿಗೆ ಕಣಕ ನಾದಿದ ಹಾಗಾಗತ್ತೆ," ಎಂದು ತೋಳು ನೀವಿಕೊಳ್ಳುತ್ತಾ ಬರುತ್ತಿದ್ದಳು. ಕಸದ ಡಬ್ಬಿ ಒಂದು, ರಸ್ತೆಯಂಚಿನ ಕಲ್ಲು ಎರಡು. ಇದು ಎರಡು ವಾರದ ಮೊತ್ತ. ಪ್ರತಿ ಸಲವೂ ಇಬ್ಬರೂ ಇಳಿದು ಹುಡುಕುವುದು, ಸಿಗದೆ ಹತ್ತುವುದು.

ಆಗಸ್ಟ್ ಕೊನೆಯ ಶನಿವಾರ, ಒಂಬತ್ತೂವರೆ. ಅಕ್ಕ ಒಬ್ಬಳೇ ಹೊರಟಳು, ಲ್ಯಾಬಿನವರೆಗೆ ಹೋಗಿ ದಾರಿ ನೋಡಿಕೊಂಡು ಬರುತ್ತೇನೆಂದು. ನಾವಿಬ್ಬರೂ ಮನೆಯ ಮುಂದೆ ನಿಂತೆವು. ಮೊದಲ ತಿರುವಿನಲ್ಲೇ ಕಾರು ಮರೆಯಾಯಿತು. ಗುಡ್ಡದ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ಇಂಜಿನ್ನಿನ ಸದ್ದು ಮಾತ್ರ ಮರಗಳ ಮೇಲಿಂದ ಬರುತ್ತಿತ್ತು. ಭಾವ ಕಿವಿಯ ಹಿಂದೆ ಕೈ ಇಟ್ಟರು.

"ಸ್ಟಾಪ್ ಸೈನಿಗೆ ಬಂದ್ಲು... ನಿಂತ್ಲು. ಹಾಂ, ಪೂರಾ ನಿಂತ್ಲು."

ನನಗೆ ಬರೀ ಗುರ್ ಎಂಬ ಸದ್ದು.

"ಶಾಲಿ ದಾಟಿದ್ಲು. ಕೆಳಗ ಸಿಗ್ನಲ್ಲಿನ್ಯಾಗ ನಿಂತಾಳ." ಒಂದು ಹೆಜ್ಜೆ ರಸ್ತೆಗಿಳಿದರು. "ಗೇರ್ ಬದಲಾತು. ಹೈವೇ ಏರಿದ್ಲು."

ಆಮೇಲೆ ಏನೂ ಕೇಳಿಸಲಿಲ್ಲ.

"ಒಳಗೆ ಬನ್ನಿ ಭಾವ. ಕಾಫಿ ಆರ್ತಿದೆ."

"ನೀ ನಡಿ. ನಾ ಬಂದೆ."

ಬರಲಿಲ್ಲ. ಕೇಳಲು ಏನೂ ಇಲ್ಲದ ಮೇಲೂ ಆ ಕೈ ಕಿವಿಯ ಹಿಂದೆಯೇ ಇತ್ತು.

ಲ್ಯಾಬಿಗೆ ಹೋಗಿಬರಲು ಒಂದು ಗಂಟೆ ಸಾಕು. ಅಕ್ಕ ಬಂದಾಗ ಮಧ್ಯಾಹ್ನ ಕಳೆದಿತ್ತು. ಕೂದಲು ಕೆದರಿತ್ತು, ಚಪ್ಪಲಿಯಲ್ಲಿ ಮರಳಿತ್ತು, ಮುಖದಲ್ಲಿ ನಾನು ಚಿಕ್ಕವಳಿದ್ದಾಗ ನೋಡಿದ್ದ ಅಕ್ಕ ಇದ್ದಳು.

"ಎಲ್ಲಿಗೆ ಹೋಗಿದ್ಯೇ?" ಎಂದೆ.

"ಸುಮ್ನೆ. ಹೀಗೇ."

ಭಾವ, "ಉಣ್ಣು ನಡಿ" ಎಂದರು. ಮುಖ ತೊಳೆದು ಬರುತ್ತೇನೆಂದು ಒಳಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ಸೋಮವಾರ ಅಕ್ಕ ಲ್ಯಾಬಿಗೆ ಫೋನ್ ಮಾಡಿ ಬರುತ್ತೇನೆ ಎಂದಳು.

ಆದರೆ ಆ ಶನಿವಾರ ಎಲ್ಲಿಗೆ ಹೋಗಿದ್ದಳೆಂದು ಇವತ್ತಿನವರೆಗೂ ಹೇಳಿಲ್ಲ. ಡೈರಿಯ ಆ ಪುಟ ಅರ್ಧ ಖಾಲಿ ಇದೆ, ನನಗದನ್ನು ಸಹಿಸಲಾಗುವುದಿಲ್ಲ. ಆದ್ದರಿಂದ ಓದುಗರಲ್ಲಿ ವಿನಂತಿ. ಅಂದು ಸಿಯಾಟಲ್ ಸುತ್ತಮುತ್ತ ಯಾವುದಾದರೂ ರಸ್ತೆಯಲ್ಲಿ, ಸರೋವರದ ದಂಡೆಯಲ್ಲಿ, ಬೆನ್ನಿಗೆ ದಿಂಬಿಟ್ಟುಕೊಂಡು ಇಂಥ ಕಾರು ಓಡಿಸುತ್ತಿದ್ದ ಹೆಂಗಸನ್ನು ನೀವು ಕಂಡಿದ್ದರೆ ದಯವಿಟ್ಟು ನನಗೆ ಬರೆಯಿರಿ. ಎಲ್ಲಿ, ಎಷ್ಟು ಗಂಟೆಗೆ, ಅಷ್ಟು ಸಾಕು. ಅವಳು ಹಾಡು ಹೇಳಿಕೊಳ್ಳುತ್ತಿದ್ದಳೇ ಎಂಬುದನ್ನೂ ಬರೆದರೆ, ಭಾವನಿಗೆ ಓದಿ ಹೇಳುತ್ತೇನೆ.