‘ಬರ್ತೀನಿ’ ಎಂಬ ಗುಂಡಿ

ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ. ಸ್ಥಳ: ಹಲಸೂರು, ನನ್ನ ತಂಗಿಯ ಮನೆಯ ಊಟದ ಮೇಜು. ಹಾಜರಿದ್ದವರು: ತಂಗಿ, ಶಿವಾಜಿನಗರದಲ್ಲಿ ಸೀರೆ ಅಂಗಡಿ ನಡೆಸುವ ನಸೀಮಾ, ತರಬೇತಿ ಸಂಸ್ಥೆಯ ಸಂಯೋಜಕಿ ಮತ್ತು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದ ನಾನು.

ಬೈಯುವ ಕಲೆಯಲ್ಲಿ ನನ್ನ ತಂಗಿಯನ್ನು ಮೀರಿಸುವವರು ಇಡೀ ಕಂಟೋನ್ಮೆಂಟಿನಲ್ಲಿಲ್ಲ! ಕನ್ನಡ ಟೀಚರಾಗಿದ್ದಷ್ಟು ದಿನವೂ ಉರ್ದು, ತಮಿಳು ಮನೆಮಾತಿನ ಮಕ್ಕಳಿಗೆ ಬೈದು ಬೈದೇ ಕನ್ನಡ ಕಲಿಸಿದವಳು. ನಿವೃತ್ತಿಯಾದ ಮೇಲೆ ಸುಮ್ಮನಿದ್ದಾಳೆಯೇ? ಆ ಬೈಗುಳಗಳನ್ನೆಲ್ಲ ಸ್ವಂತ ದನಿಯಲ್ಲಿ ತುಂಬಿ, ದೊಡ್ಡವರಿಗಾಗಿ ಆನ್‌ಲೈನ್ ಕನ್ನಡ ಕೋರ್ಸು ಮಾಡಿದ್ದಾಳೆ.

ಅಂದು ಅದರ ಪರೀಕ್ಷೆ. ಅಂಗಡಿಯಲ್ಲಿ ಕೇಳಿ ಕಲಿತಷ್ಟೇ ಕನ್ನಡ ಬಲ್ಲ ನಸೀಮಾ ಯಾರ ಸಹಾಯವೂ ಇಲ್ಲದೆ ಮೊದಲ ಪಾಠವನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ಮುಗಿಸದಿದ್ದರೆ ಸಂಸ್ಥೆಯವರು ಪಾಠ ತಿದ್ದಿಸಿ, ಯಂತ್ರದ ದನಿಯಲ್ಲಿ ಓದಿಸುತ್ತಾರೆ. ಬೇರೆ ದಿನಗಳಾಗಿದ್ದರೆ, ಮತ್ತೆ ರೆಕಾರ್ಡ್ ಮಾಡಿದರಾಯಿತು ಎನ್ನಬಹುದಿತ್ತು. ಆದರೆ ಸೋಮವಾರ ತಂಗಿಯ ಗಂಟಲಿಗೆ ಆಪರೇಷನ್. ಆಮೇಲೆ ಈ ದನಿ ಉಳಿಯುತ್ತದೆ ಎಂದು ಡಾಕ್ಟರು ಭರವಸೆ ಕೊಟ್ಟಿಲ್ಲ.

ಪಾಠ ಶುರುವಾಯಿತು. ಲ್ಯಾಪ್‌ಟಾಪಿನ ತೆರೆಯ ತುಂಬ ಗುಂಡಿಗಳು! ಬೆಂಗಳೂರಿನ ಯಾವ ರಸ್ತೆಯಲ್ಲೂ ಅಷ್ಟು ಗುಂಡಿಗಳಿಲ್ಲ. ಬೆಕ್ಕನ್ನು ಒತ್ತಿದರೆ “ಬೆಕ್ಕು” ಎನ್ನುತ್ತದೆ. ಮರ ಒತ್ತಿದರೆ ಎಲೆ ಉದುರುತ್ತದೆ. ಆಟೋ ಒತ್ತಿದರೆ “ಬರಲ್ಲ” ಎನ್ನುತ್ತದೆ.

“ಇಷ್ಟೊಂದು ಯಾಕಮ್ಮಾ?” ಎಂದೆ.

“ಕೈಗೆ ಕೆಲಸ ಇಲ್ದಿದ್ರೆ ನಿದ್ದೆ ಮಾಡ್ತಾರೆ ಅಣ್ಣ. ನೀನು ಸುಮ್ನಿರು.”

ನಸೀಮಾ ಒಂದು ಪ್ರಶ್ನೆಗೆ ತಪ್ಪು ಉತ್ತರ ಒತ್ತಿದರು. ತಂಗಿಯ ದನಿ ಗುಡುಗಿತು: “ಅಯ್ಯೋ ಮಂಕೇ! ಕಣ್ಣನ್ನ ಕಮರ್ಷಿಯಲ್ ಸ್ಟ್ರೀಟಲ್ಲಿ ಬಿಟ್ಟು ಬಂದ್ಯಾ?” ನಸೀಮಾ ಬಿದ್ದು ಬಿದ್ದು ನಕ್ಕು, ಇನ್ನೊಂದು ತಪ್ಪು ಉತ್ತರ ಒತ್ತಿದರು. ಅಲ್ಲಿ ಇನ್ನೊಂದು ಬೈಗುಳ! ಆಮೇಲಾಮೇಲೆ ಬೇಕೆಂದೇ ತಪ್ಪು ಮಾಡತೊಡಗಿದರು. ಗೋಡೆಯ ಗಡಿಯಾರ ಹತ್ತು ದಾಟಿತು.

“ಮೇಡಂ, ಸರಿ ಉತ್ತರ ಒತ್ತಿದ್ರೆ ಏನ್ ಬರುತ್ತೆ?” ಎಂದು ಸಂಯೋಜಕಿ ಕೇಳಿದರು.

“ಸರಿ ಅಂತ ಬರುತ್ತೆ.”

“ಅಷ್ಟೇನಾ?”

“ಮತ್ತಿನ್ನೇನು, ಆರತಿ ಎತ್ಬೇಕಾ?”

ಸಂಯೋಜಕಿ ಏನನ್ನೋ ಬರೆದುಕೊಂಡರು.

ಹೇಗೋ ಅರ್ಧ ಪಾಠ ಮುಗಿಯಿತು. ಮೂಲೆಯಲ್ಲಿ ‘ಬರ್ತೀನಿ’ ಎಂಬ ಗುಂಡಿಯಿತ್ತು. ನಸೀಮಾ ಅದನ್ನು ಒತ್ತಿದರು. ಪಾಠವೇ ಮುಚ್ಚಿಹೋಯಿತು! ಮೊದಲಿಂದ ಶುರು ಮಾಡಿದರು, ಅಲ್ಲಿಗೇ ಬಂದರು, ಮತ್ತೆ ಅದನ್ನೇ ಒತ್ತಿದರು. ಮತ್ತೆ ಹೊರಗೆ!

“ಇದ್ಯಾವ ಇನ್ಸಾಫ್, ಯಾವ ನ್ಯಾಯ ಟೀಚರ್? ಮುಂದಕ್ಕೆ ಬರ್ತೀನಿ ಅಂದ್ರೆ ಓಡಿಸ್ತೀರಲ್ಲ!”

“ಎಕ್ಸಿಟ್ ಅಂತ ಹಾಕ್ಬಿಡಿ ಮೇಡಂ,” ಎಂದರು ಸಂಯೋಜಕಿ.

“ಕನ್ನಡ ಪಾಠದಲ್ಲಿ ಎಕ್ಸಿಟ್ಟಾ?”

“ಹಾಗಾದ್ರೆ ‘ಹೋಗ್ತೀನಿ’ ಅಂತ ಹಾಕು,” ಎಂದೆ ನಾನು.

“ಮನೆಯಿಂದ ಹೊರಡೋರು ಹೋಗ್ತೀನಿ ಅಂತಾರಾ ಅಣ್ಣ? ಅಮ್ಮ ಇದ್ದಿದ್ರೆ ನಿನ್ನ ಹಲ್ಲು ಉದುರಿಸ್ತಿದ್ಲು!”

ನಸೀಮಾ ಹಣೆ ಬಡಿದುಕೊಂಡರು. “ಹಂಗಾ! ನಮ್ ಗಿರಾಕಿಗಳು ಬರ್ತೀನಿ ಅಂತ ಹೇಳಿ ಹೋಗ್ತಾರೆ. ವಾಪಸ್ ಬರ್ತಾರೆ ಅಂತ ನಾನು ಸೀರೆ ಮಡಿಸ್ದೇನೇ ಕಾಯ್ತಾ ಕೂತಿರ್ತೀನಿ!”

ಎಲ್ಲರೂ ನಕ್ಕರು. ತಂಗಿ ಮಾತ್ರ ನಗಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಕುಳಿತು ಗುಂಡಿಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಬೆಕ್ಕು ಹೋಯಿತು. ಮರ ಹೋಯಿತು.

“ಆಟೋ ಇರ್ಲಿ ಕಣೇ!” ಎಂದೆ.

ಆಟೋನೂ ಹೋಯಿತು. ಮೂಲೆಯ ‘ಬರ್ತೀನಿ’ ಮಾತ್ರ ಉಳಿಯಿತು.

ಅವೆಲ್ಲದರ ಜಾಗಕ್ಕೆ ಒಂದೇ ಚಿತ್ರ ಬಂತು: ಸೀರೆ ಅಂಗಡಿಯ ಬಾಗಿಲು. ಹೊರಡುವ ಗಿರಾಕಿ “ಬರ್ತೀನಿ” ಎನ್ನುತ್ತಾಳೆ. ಕಲಿಯುವವರು ಎರಡರಲ್ಲಿ ಒಂದನ್ನು ಆರಿಸಬೇಕು: ಕಾಯುವುದು, ಇಲ್ಲವೇ ಕಳಿಸಿಕೊಡುವುದು. ಕಾಯುತ್ತೇನೆ ಎಂದರೆ ಅಂಗಡಿಯಲ್ಲಿ ಕತ್ತಲಾಗುತ್ತದೆ, ಹರಡಿದ ಸೀರೆಗಳು ಹಾಗೇ ಬಿದ್ದಿರುತ್ತವೆ, “ಇನ್ನೂ ಕೂತಿದ್ಯಾ ಮಂಕೇ?” ಎಂಬ ಬೈಗುಳ ಕೇಳುತ್ತದೆ. ಕಳಿಸಿಕೊಟ್ಟರೆ ಪಾಠ ಮುಂದುವರಿಯುತ್ತದೆ.

ಚಿತ್ರವೇನೋ ಸಿದ್ಧವಾಯಿತು, ದನಿ ತುಂಬಬೇಕಿತ್ತು. ಬೈಗುಳ ಮುಗಿಸುವ ಹೊತ್ತಿಗೆ ತಂಗಿಯ ಗಂಟಲು ಕಟ್ಟಿತು. ಇನ್ನು ಉಳಿದದ್ದು ಎರಡೇ ಮಾತು. ಮೈಕನ್ನು ನಮ್ಮಿಬ್ಬರ ನಡುವೆ ಇಟ್ಟಳು.

“ಗಿರಾಕಿ ನಾನು. ಅಂಗಡಿಯವನು ನೀನು. ನಾನು ಹೇಳಿದ ತಕ್ಷಣ ‘ಹೋಗ್ಬಾ’ ಅನ್ನು. ತಡ ಮಾಡ್ಬೇಡ.”

ತಡ ಮಾಡಬೇಡ ಎಂದು ನನಗೆ ಹೇಳುವುದೇ! ಜನ್ಮದಲ್ಲಿ ಒಂದು ಬಸ್ಸನ್ನೂ ತಪ್ಪಿಸಿಕೊಂಡವನಲ್ಲ ನಾನು.

ಅವಳು ನನ್ನನ್ನೇ ನೋಡುತ್ತ, ಒಡೆದ ದನಿಯಲ್ಲಿ ಹೇಳಿದಳು: “ಬರ್ತೀನಿ ಅಣ್ಣ.”

ಗಡಿಯಾರದ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಹೇಗೋ ಹೇಳಿದೆ: “ಹೋಗ್ಬಾಮ್ಮ.”

ನಸೀಮಾ ಮತ್ತೆ ಮೊದಲಿಂದ ಕುಳಿತರು. ಸಲೀಸಾಗಿ ಕೊನೆ ಮುಟ್ಟಿ, ‘ಬರ್ತೀನಿ’ ಗುಂಡಿಯನ್ನು ತಿಳಿದೇ ಒತ್ತಿ ಹೊರಬಂದರು. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

“ಪಾಸ್ ಮೇಡಂ!” ಎಂದರು ಸಂಯೋಜಕಿ. ಆಮೇಲೆ ನನ್ನ ಕಡೆ ತಿರುಗಿ, “ಸರ್, ನೀವು ಹೇಳೋದಕ್ಕೆ ಮುಂಚೆ ಒಂದು ಗ್ಯಾಪ್ ಇದೆ. ಕಟ್ ಮಾಡ್ಲಾ?” ಎಂದು ಕೇಳಿದರು.

ನಾನು ಹೂಂ ಎನ್ನುವಷ್ಟರಲ್ಲಿ ತಂಗಿ ಕೈ ಅಡ್ಡ ಹಿಡಿದಳು. ಬೇಡ ಎಂದು ತಲೆಯಾಡಿಸಿದಳು, ಅಷ್ಟೇ.

ಫೈಲು ಹಾಗೇ ಹೋಯಿತು. ಬಂದವರನ್ನು ಬಾಗಿಲವರೆಗೆ ಬಿಟ್ಟು ಬಂದು, ಅವಳಿಗೆ ಬಾಯಿ ಮುಕ್ಕಳಿಸಲು ಉಪ್ಪುನೀರು ಬಿಸಿ ಮಾಡಿ ಕೊಟ್ಟೆ.